ಮರಕುಟಿಗನಿಗೆ ಹೋದ ಹತ್ತು ನಿಮಿಷ

ಗದಗದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರಾಂಶ: ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳನ್ನು ಕರೆದುಕೊಂಡು ಕಬಿನಿಗೆ ಹೋಗಿದ್ದರು. ಸಂಜೆ ಒಂದು ಸಫಾರಿ, ಮರುದಿನ ಬೆಳಿಗ್ಗೆ ಒಂದು. ಹುಲಿ ಕಾಣಲಿಲ್ಲ. ಸಾಲದ್ದಕ್ಕೆ ಅದೇ ಬಸ್ಸಿನಲ್ಲಿದ್ದ ವಯಸ್ಸಾದ ಗಂಡ ಹೆಂಡತಿ ಮರಕುಟಿಗ ನೋಡಬೇಕೆಂದು ಗಾಡಿ ನಿಲ್ಲಿಸಿ, ದುರ್ಬೀನು ಹಿಡಿದು ಹತ್ತು ನಿಮಿಷ ‘ಹಾಳು ಮಾಡಿದರು’. ‘ಹಕ್ಕಿ ನೋಡಲು ನಮ್ಮೂರ ಕೆರೆಯೇ ಸಾಕಿತ್ತು. ಇಂಥವರಿಗೆ ಬೇರೆ ಗಾಡಿ ಕೊಡಬಾರದೇ?’ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾಸ್ತರರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಅರ್ಧ ಕರ್ನಾಟಕ ದಾಟಿ ಹೋಗಿದ್ದೀರಿ, ಪಿಂಚಣಿ ದುಡ್ಡು ಖರ್ಚು ಮಾಡಿದ್ದೀರಿ, ಮಕ್ಕಳು ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬಂದಿವೆ. ಹಕ್ಕಿಯವರೂ ದೇವರಂಥವರೇನಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ಗೂಡು ಬಿಟ್ಟು ಹೊರಗೆ ಬರುವ ಹಾಗೆ ಮಾಡಿ ಫೋಟೋ ಹೊಡೆಯುವ ಪುಣ್ಯಾತ್ಮರನ್ನು ನಾನೂ ನೋಡಿದ್ದೇನೆ. ಇಷ್ಟಕ್ಕೆ ನಿಮ್ಮ ಪರವಾದ ಮಾತು ಮುಗಿಯಿತು.

ಈಗ ಜಗಳಕ್ಕೆ ಬರೋಣ. ನೀವು ಕಬಿನಿಯಲ್ಲಿ ಸುತ್ತಿದ್ದು ನಾಗರಹೊಳೆ ರಾಷ್ಟ್ರೀಯ ಉದ್ಯಾನವನ್ನು. ಅದು ಸುಮಾರು 640 ಚದರ ಕಿಲೋಮೀಟರ್ ಇದೆ. 2022ರ ಗಣತಿಯಲ್ಲಿ ಅಲ್ಲಿ ಸಿಕ್ಕ ಲೆಕ್ಕ 141 ಹುಲಿ. ದೇಶದಲ್ಲೇ ಇದು ದೊಡ್ಡ ಸಂಖ್ಯೆಗಳಲ್ಲಿ ಒಂದು. ಆದರೂ ನಿಮ್ಮನ್ನು ಸುತ್ತಿಸುವುದು ಆ ಕಾಡಿನ ಒಂದು ಮೂಲೆಯಲ್ಲಿ, ಕೆಲವೇ ದಾರಿಗಳಲ್ಲಿ, ಅದೂ ಮೂರು ತಾಸಿನ ಒಳಗೆ. ಹುಲಿ ಅಲ್ಲೇ ಅಕ್ಕಪಕ್ಕದ ಲಂಟಾನ ಪೊದೆಯಲ್ಲಿ ಮಲಗಿದ್ದರೂ ನಿಮಗೆ ಕಾಣುವುದಿಲ್ಲ. ಹಾಗಿದ್ದ ಮೇಲೆ ಹುಲಿ ಸಿಗದ ಸಫಾರಿಯೇ ಮಾಮೂಲು, ಸಿಕ್ಕರೆ ಅದೃಷ್ಟ. ಇದನ್ನು ಟಿಕೆಟ್ ಕೊಡುವಾಗ ಯಾರೂ ಹೇಳುವುದಿಲ್ಲ. ರೆಸಾರ್ಟಿನ ಜಾಹೀರಾತಿನಲ್ಲಂತೂ ಹುಲಿ ಗೇಟಿನ ಹತ್ತಿರವೇ ಕಾಯುತ್ತಾ ನಿಂತಿರುತ್ತದೆ! ಈಚೆಗೆ ಅದರ ಪಕ್ಕ ಒಂದು ಕರಿಚಿರತೆಯೂ ಸೇರಿಕೊಂಡಿದೆ.

ಒಂದು ಸಲ ಬಂಡೀಪುರದಲ್ಲಿ ನಾವು ಕೂತಿದ್ದ ಜೀಪಿನ ಡ್ರೈವರ್‌ಗೆ ಎದುರಿನ ಗಾಡಿಯವನು ಕೈಸನ್ನೆ ಮಾಡಿದ. ಅಷ್ಟೇ. ಕಡವೆಗಳ ಗುಂಪು, ಮರದ ಮೇಲಿದ್ದ ಡೇಗೆ, ದಾರಿ ದಾಟುತ್ತಿದ್ದ ಕಾಡುಕೋಳಿ, ಎಲ್ಲ ಬಿಟ್ಟು ಧೂಳೆಬ್ಬಿಸಿಕೊಂಡು ಓಡಿದ್ದೇ ಓಡಿದ್ದು. ಹೋಗಿ ನೋಡಿದರೆ ಸಂತೆಯಲ್ಲಿ ಜಗಳ ನೋಡಲು ನಿಂತವರ ಹಾಗೆ ಗಾಡಿಗಳು ಒಂದರ ಹಿಂದೆ ಒಂದು ನಿಂತಿವೆ. ಎಲ್ಲರೂ ಒಂದು ಪೊದೆಯನ್ನು ನೋಡುತ್ತಿದ್ದಾರೆ. ಪೊದೆಯಲ್ಲಿ ಬಾಲ ಇತ್ತು ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಅರ್ಧ ತಾಸು ಅಲ್ಲೇ ಹೋಯಿತು. ಆ ಅರ್ಧ ತಾಸನ್ನು ಯಾರೂ ಹಾಳು ಅನ್ನಲಿಲ್ಲ ನೋಡಿ. ಮರಕುಟಿಗನಿಗೆ ಹೋದ ಹತ್ತು ನಿಮಿಷ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

ಕಾಡಿನಲ್ಲಿ ಹುಲಿಯ ಸುದ್ದಿ ಮೊದಲು ಬರುವುದು ಕಿವಿಗೆ. ಜಿಂಕೆ ಕೂಗುತ್ತದೆ, ಮರದ ಮೇಲಿಂದ ಮುಸುವ ಕೆಮ್ಮಿದಂತೆ ಕೂಗುತ್ತದೆ, ಹರಟೆಮಲ್ಲ ಹಕ್ಕಿಗಳು ಗಲಾಟೆ ಎಬ್ಬಿಸುತ್ತವೆ. ಕಾಡಂಚಿನ ಹಾಡಿಯ ಜೇನುಕುರುಬ ಹಿರಿಯರೊಬ್ಬರ ಜೊತೆ ನಡೆಯುತ್ತಿದ್ದಾಗ ಹರಟೆಮಲ್ಲಗಳ ಗದ್ದಲ ಕೇಳಿ ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ‘ಕೆಳಗೆ ಏನೋ ಹರೀತಾ ಐತೆ’ ಅಂದರು. ಹುಲಿಯಲ್ಲ, ಕೇರೆಹಾವು. ಹಕ್ಕಿಯ ದನಿ ಕೇಳಿಯೇ ಪ್ರಾಣಿ ನೆಲದ ಮೇಲಿದೆಯೋ ಆಕಾಶದಲ್ಲಿದೆಯೋ ಅವರಿಗೆ ಗೊತ್ತಾಗುತ್ತದೆ. ನಮ್ಮ ಸಫಾರಿ ಬಸ್ಸಿನಲ್ಲಿ ಇಂಜಿನ್ ಸದ್ದು, ಚಿಪ್ಸ್ ಪೊಟ್ಟಣದ ಸದ್ದು. ಕೇಳುವುದೇನನ್ನು? ನಿಮ್ಮ ಬಸ್ಸು ಮರಕುಟಿಗನಿಗಾಗಿ ನಿಂತಿತಲ್ಲ, ಬಹುಶಃ ಅವತ್ತು ಹುಲಿ ಸಿಗುವ ಅವಕಾಶ ಇದ್ದದ್ದು ಆ ಹತ್ತು ನಿಮಿಷದಲ್ಲೇ.

ಕಬಿನಿ ಹಿನ್ನೀರಿನಲ್ಲಿ ಒಣಗಿ ನಿಂತ ಮರಗಳನ್ನು ನೀವು ನೋಡಿಯೇ ಇರುತ್ತೀರಿ. 1974ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡು ಅದು. ಹಳ್ಳಿಗಳೂ ಮುಳುಗಿದವು, ಅದು ಬೇರೆ ಕಥೆ. ಈಗ ಆ ಬೋಳು ಕೊಂಬೆಗಳ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ, ಮೀನುಗಿಡುಗ ಕೂತು ಕಾಯುತ್ತದೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ಸಂಸಾರ ಇನ್ನೂ ಸೊಗಸು. ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ತಾನೇ ಮೆತ್ತಿಕೊಂಡು ಮೊಟ್ಟೆಯಿಟ್ಟು ಕೂರುತ್ತದೆ. ಗಂಡು ವಾರಗಟ್ಟಲೆ ಒಂದು ಸಣ್ಣ ಸೀಳಿನಲ್ಲಿ ಹಣ್ಣು ತಂದು ತಿನ್ನಿಸುತ್ತದೆ. ಗಂಡಿಗೆ ಏನಾದರೂ ಆದರೆ ಒಳಗಿನ ಸಂಸಾರವೂ ಅಪಾಯದಲ್ಲಿ. ಮೊಮ್ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆ ಕಥೆ ಬೇಕಾ? ಮೂವತ್ತು ವರ್ಷ ಪಾಠ ಹೇಳಿದ ನಿಮಗೆ ನಾನು ಇದನ್ನು ಹೇಳಬೇಕಾ!

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಬರೀ ಹುಲಿಯನ್ನೇ ನೋಡುವ ಚಟ ಅಂಟಿಸಿದವರ ಮೇಲೆ. ಬಂಡೀಪುರ 1973ರಲ್ಲೇ ಹುಲಿ ಯೋಜನೆಗೆ ಸೇರಿತು, ಒಳ್ಳೆಯದೇ ಆಯಿತು, ಹುಲಿಯಿಂದಾಗಿ ಕಾಡು ಉಳಿಯಿತು, ಇಲ್ಲ ಅನ್ನುವುದಿಲ್ಲ. ಆದರೆ ತೊಂಬತ್ತರ ದಶಕದಲ್ಲಿ ದೇಶದ ತುಂಬ ರಣಹದ್ದುಗಳು ಉದುರಿ ಬಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡ ಕೆಡಿಸಿತು. ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಗಿದ್ದು 2006ರಲ್ಲಿ. ಅಷ್ಟರಲ್ಲಿ ಬಹುಪಾಲು ಹೋಗಿಯಾಗಿತ್ತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹುಲಿ ಹೀಗೆ ಸತ್ತಿದ್ದರೆ ಟೀವಿಯವರು ಸುಮ್ನೆ ಇರುತ್ತಿದ್ದರೇ? ಉಳಿದ ಕೆಲವು ರಣಹದ್ದುಗಳು ಇವತ್ತಿಗೂ ಬಂಡೀಪುರ, ನಾಗರಹೊಳೆ ಕಡೆ ಇವೆ. ಹುಲಿ ತಿಂದು ಬಿಟ್ಟಿದ್ದನ್ನು ತಿಂದು ಬದುಕಿವೆ. ಜೀಪುಗಳು ಅವುಗಳ ಕೆಳಗೇ ಹಾದುಹೋಗುತ್ತವೆ.

ಕಾಡಂಚಿನವರ ಪಾಡನ್ನೂ ಈ ಚಟ ಮರೆಸುತ್ತದೆ. 2025ರ ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಆಗ ನಮ್ಮ ಪತ್ರಿಕೆಗೆ ಬಂದ ಕಾಗದಗಳಲ್ಲಿ ಬುಕಿಂಗ್ ದುಡ್ಡು ವಾಪಸ್ ಬರುತ್ತಾ ಅಂತ ಕೇಳಿದವರೇ ಜಾಸ್ತಿ. ಸತ್ತವರ ಮನೆಯ ಬಗ್ಗೆ ಬರೆದವರು ಕಡಿಮೆ.

ಇನ್ನು ನಿಮ್ಮೂರ ಕೆರೆ. ಮಾಸ್ತರರೇ, ನಿಮ್ಮ ಪತ್ರದಲ್ಲಿ ಬಂಗಾರದಂಥ ಸಾಲು ಇದೊಂದೇ, ಅದನ್ನು ನೀವು ಸಿಟ್ಟಿನಲ್ಲಿ ಬರೆದುಬಿಟ್ಟಿದ್ದೀರಿ. ನಿಮ್ಮ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳಲ್ಲಿ ಅದೂ ಒಂದು. ನಮ್ಮ ರಾಜ್ಯದಿಂದ ಆ ಪಟ್ಟಿಗೆ ಮೊದಲು ಹೋದದ್ದು ರಂಗನತಿಟ್ಟು, 2022ರಲ್ಲಿ. ಚಳಿಗಾಲದಲ್ಲಿ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಅವು ಅಷ್ಟು ದೂರದಿಂದ ಗದಗ ಜಿಲ್ಲೆಗೆ ಬರುವಾಗ ನೀವು ಗದಗ ಬಿಟ್ಟು ಕಬಿನಿಗೆ ಹೊರಟಿರಿ! ಊರಿಂದ ಒಂದು ತಾಸು ಸಾಕು. ನಮ್ಮ ಶಾಲೆಗಳೂ ಹೀಗೇ. ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ವಾಟರ್ ಪಾರ್ಕಿಗೆ ಒಯ್ಯುತ್ತಾರೆ, ಊರ ಕೆರೆಯ ದಂಡೆಗೆ ಒಯ್ಯುವುದಿಲ್ಲ. ಯಾರೂ ಹೋಗದ ಕೆರೆಗೆ ಮೊದಲು ಕಸ ಬೀಳುತ್ತದೆ, ಆಮೇಲೆ ಮಣ್ಣು ಬೀಳುತ್ತದೆ, ಆಮೇಲೆ ಸೈಟಿನ ಕಲ್ಲು ನಿಲ್ಲುತ್ತವೆ.

ಹಕ್ಕಿಯವರಿಗೆ ಬೇರೆ ಗಾಡಿ ಕೊಡಿ ಎಂಬ ನಿಮ್ಮ ಸಲಹೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕೊಟ್ಟರೆ ನಾನೂ ಅದರಲ್ಲೇ ಹೋಗುತ್ತೇನೆ. ಈ ಡಿಸೆಂಬರ್ ಕೊನೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಬೆಳಕು ಹರಿಯುವ ಮುಂಚೆ ಮಾಗಡಿ ಕೆರೆ ಏರಿ ಮೇಲೆ ನಿಲ್ಲಿ. ಆ ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಇಳಿಯುತ್ತವೆ. ಅದರ ಬಗ್ಗೆ ರೈತರು ಏನು ಬೈತಾರೆ ಅಂತಲೂ ಕೇಳಿಕೊಂಡು ಬಂದು ನಮಗೆ ಬರೆಯಿರಿ. ಒಂದು ಪುಟ ನಿಮಗಾಗಿ ಇಟ್ಟಿರುತ್ತೇನೆ.