ಗುಂಡಿಲ್ಲದ ಕೋವಿ, ಹೇಳಿ ಬರುವ ಸಾವು

ಪ್ರಶ್ನೆ: ಹಳೆಯ ಕದನಗಳನ್ನು ಮತ್ತೆ ಆಡಿ ತೋರಿಸುವವರ ಕೋವಿಯಲ್ಲಿ ಗುಂಡೇ ಇರುವುದಿಲ್ಲವಂತೆ. ಹಾಗಾದರೆ ಯಾರು ಸಾಯಬೇಕೆಂದು ಹೇಳುವವರು ಯಾರು?

ಉತ್ತರ: ಸೋಲು ಗೆಲುವು ಮೊದಲೇ ಗೊತ್ತು. 1815ರ ವಾಟರ್‌ಲೂ ಕದನವಾದರೆ ನೆಪೋಲಿಯನ್ ಎಷ್ಟು ಸಲ ಆಡಿದರೂ ಸೋಲಲೇಬೇಕು. ಯಾವ ದಳ ಯಾವಾಗ ಹಿಂದೆ ಸರಿಯಬೇಕೆಂಬುದೂ ನಿಗದಿ. ಸಾಲಿನೊಳಗೆ ಯಾರು ಬೀಳಬೇಕೆಂಬುದನ್ನು ಮಾತ್ರ ಸಾಮಾನ್ಯವಾಗಿ ಆಟಗಾರರಿಗೇ ಬಿಡುತ್ತಾರೆ. ಕೋವಿ ಕೈಕೊಟ್ಟವರು, ತೋಟಾ (ಇಲ್ಲಿ ಗುಂಡಿಲ್ಲದ, ಬರೀ ಮದ್ದು ತುಂಬಿದ ಕಾಗದದ ಸುರುಳಿ) ಖಾಲಿಯಾದವರು, ಉಣ್ಣೆಯ ಕೋಟಿನೊಳಗೆ ಬೆಂದು ಹೋದವರು ಮೊದಲು ಹುತಾತ್ಮರಾಗುತ್ತಾರೆ. ಮರದ ನೆರಳಲ್ಲಿ ಹೆಣ ಜಾಸ್ತಿ ಬೀಳುವುದು ಇದಕ್ಕೇ!

ಬೀಳುವುದಕ್ಕೂ ಕ್ರಮವಿದೆ. ಮೊದಲು ಮಂಡಿಯೂರಿ, ಆಮೇಲೆ ಪಕ್ಕಕ್ಕೆ ಒರಗಿ. ನಳಿಗೆಯ ಬಾಯಿ ಯಾರತ್ತಲೂ ತಿರುಗಿರಬಾರದು, ತೋಟಾ ಪೆಟ್ಟಿಗೆಯ ಮುಚ್ಚಳ ಭದ್ರವಾಗಿರಬೇಕು. ಕುದುರೆ ಓಡುವ ದಾರಿಯಲ್ಲಿ, ಫಿರಂಗಿಯ ಮುಂದೆ ಸಾಯಬೇಡಿ. ನಿಜವಾಗಿ ಪೆಟ್ಟಾದರೆ ಗುಂಪಿನವರು ಮೊದಲೇ ಗೊತ್ತು ಮಾಡಿಕೊಂಡ ಪದವನ್ನೇ ಕೂಗಿ. ‘ಅಯ್ಯೋ, ಸತ್ತೆ’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಎಲ್ಲರೂ ಕೂಗುತ್ತಿರುವುದು ಅದನ್ನೇ.

ಪ್ರಶ್ನೆ: ನನ್ನ ಚಕಮಕಿ ಮಸ್ಕೆಟ್ಟು (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಹಳೆಯ ಕಾಲದ ಉದ್ದ ಕೋವಿ) ಏಳೆಂಟು ಸಲ ಸರಿಯಾಗಿ ಸಿಡಿಯುತ್ತದೆ. ಆಮೇಲೆ ಹೊರಗಿನ ಬಟ್ಟಲಿನ ಮದ್ದು ಭುಸ್ಸೆಂದು ಉರಿದರೂ ನಳಿಗೆ ಗುಡುಗುವುದಿಲ್ಲ. ಕಲ್ಲು ಬದಲಿಸಬೇಕೇ?

ಉತ್ತರ: ಬೇಡ, ಬಟ್ಟಲು ಉರಿದಿದೆ ಎಂದರೆ ಕಲ್ಲು ತನ್ನ ಕೆಲಸ ಮಾಡಿದೆ. ಬಟ್ಟಲಿನಿಂದ ನಳಿಗೆಗೆ ಹೋಗುವ ಸಣ್ಣ ತೂತು ಕಟ್ಟಿಕೊಂಡಿರುತ್ತದೆ. ಕರಿಮದ್ದು ಪೂರ್ತಿ ಅನಿಲವಾಗಿ ಹೋಗುವುದಿಲ್ಲ. ಅದರ ತೂಕದ ಅರ್ಧಕ್ಕೂ ಹೆಚ್ಚು ಪಾಲು ಹೊಗೆಯಲ್ಲಿನ ಪುಡಿಯಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ಆ ಮಸಿ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ.

ಕೋವಿಯ ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ಹಿಡಿದು ಒಂದು ನಿಮಿಷ ಕಾಯಿರಿ. ಒಳಗೆ ಕಿಡಿ ಉಳಿದಿದ್ದರೆ ತಡವಾಗಿ ಸಿಡಿಯಬಹುದು. ಬಳಿಕ ಹಿತ್ತಾಳೆ ತಂತಿಯಿಂದ ತೂತು ಚುಚ್ಚಿ, ಬಟ್ಟಲಿಗೆ ಹೊಸ ಮದ್ದು ಹಾಕಿ. ಎರಡನೇ ಸಲವೂ ಕೈಕೊಟ್ಟರೆ ಸಾಲು ಬಿಟ್ಟು ಹಿಂದೆ ಬಂದು ನಳಿಗೆಗೆ ನೀರು ಹೊಯ್ಯಿರಿ. ಏನೇ ಆದರೂ ಮೇಲಿಂದ ಮತ್ತೊಂದು ತೋಟಾ ಸುರಿಯಬೇಡಿ. ಪಕ್ಕದವನ ಕೋವಿಯ ಸದ್ದು ನಮ್ಮದೇ ಎನಿಸುವುದು ಸುಲಭ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟ್ಟಿಸ್‌ಬರ್ಗ್ ಕದನದ ಬಳಿಕ ಆರಿಸಿ ತಂದ ಸಾವಿರಾರು ಕೋವಿಗಳಲ್ಲಿ ಒಂದಕ್ಕಿಂತ ಹೆಚ್ಚು ತೋಟಾ ಜಡಿದಿತ್ತು.

ಜಡಿಯುವ ಸಲಾಕೆಯನ್ನು ಸಾಲಿನಲ್ಲಿ ಹೊರತೆಗೆಯಲು ಅನೇಕ ಗುಂಪುಗಳು ಬಿಡುವುದೇ ಇಲ್ಲ. ಅದನ್ನು ಒಳಗೇ ಮರೆತು ಹಾರಿಸಿದರೆ ಬಾಣವಾಗುತ್ತದೆ. ಮದ್ದು ಸುರಿದು, ಕಾಗದ ಎಸೆದು, ಹಿಡಿಯನ್ನು ನೆಲಕ್ಕೊಮ್ಮೆ ಕುಟ್ಟಿದರೆ ಸಾಕು. ಸಂಜೆ ಬಿಸಿನೀರಿನಿಂದ, ನೀರು ತಿಳಿಯಾಗುವವರೆಗೆ ತೊಳೆದು, ಒರೆಸಿ ಎಣ್ಣೆ ಹಚ್ಚಿ. ನಾಳೆಗೆಂದು ಬಿಟ್ಟರೆ ಬೆಳಗ್ಗೆ ತುಕ್ಕು.

ಪ್ರಶ್ನೆ: ಉಣ್ಣೆ ದುಬಾರಿ. ದೂರದಿಂದ ಯಾರಿಗೆ ಗೊತ್ತಾಗುತ್ತದೆ, ಪಾಲಿಯೆಸ್ಟರ್ ಕೋಟು ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ನೋಡುವವರಿಗೆ ಗೊತ್ತಾಗದಿರಬಹುದು, ಆದರೆ ಬಟ್ಟಲಿನ ಕಿಡಿ ಹಾರುವುದು ಬಲಗಡೆಯವನ ತೋಳಿಗೆ. ಉಣ್ಣೆ ಕರಿಕಟ್ಟಿ ಅಲ್ಲಿಗೇ ಆರುತ್ತದೆ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.