ಬುಸಾನ್‌ನಲ್ಲಿ ಒಂದೇ ದಿನ ರಜೆ ಇದ್ದರೆ ಗ್ಯೊಂಗ್‌ಜುಗೆ ಹೋಗಿ, ಕತ್ತಲಾಗುವವರೆಗೂ ಇರಿ

ಆಫೀಸ್ ಕೆಲಸಕ್ಕೆ ದಕ್ಷಿಣ ಕೊರಿಯಾದ ಬುಸಾನ್‌ಗೆ ಬಂದಿದ್ದೇನೆ, ಒಂದು ಭಾನುವಾರ ಮಾತ್ರ ರಜೆ, ಸಸ್ಯಾಹಾರಿ, ಸಿಯೋಲ್‌ಗೆ ಹೋಗಲಾ ಗ್ಯೊಂಗ್‌ಜುಗೆ ಹೋಗಲಾ ಅಂತ ಕೇಳಿದ್ದೀರಿ. ಗ್ಯೊಂಗ್‌ಜುಗೇ ಹೋಗಿ. ಸಿಯೋಲ್ ಅಂದರೆ ಹೋಗಿಬರುವುದಕ್ಕೇ ರೈಲಿನಲ್ಲಿ ಐದು ಗಂಟೆ ಬೇಕು. ಗ್ಯೊಂಗ್‌ಜುಗೆ ಮೆಟ್ರೋ ಒಂದನೇ ಲೈನಿನ ತುದಿಯಲ್ಲಿರುವ ನೊಪೋ ಬಸ್ ನಿಲ್ದಾಣದಿಂದ ಒಂದು ಗಂಟೆಯೂ ಆಗುವುದಿಲ್ಲ. ಬುಸಾನ್‌ನಲ್ಲಿದ್ದಾಗ ನಾನು ಅಲ್ಲಿಗೆ ಮೂರು ಸಲ ಹೋಗಿದ್ದೆ, ಈಗಲೂ ಹೋಗಬೇಕು ಅನಿಸುತ್ತೆ.

ಸಿಲ್ಲಾ ರಾಜರು ಸುಮಾರು ಸಾವಿರ ವರ್ಷ ಆಳಿದ ರಾಜಧಾನಿ ಅದು, 935ರವರೆಗೆ. ನೋಡುವುದು ತುಂಬಾ ಇದೆ, ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಓಡಬೇಡಿ. ಬೆಳಿಗ್ಗೆ ಬೇಗ ಹೊರಟು ಮೊದಲು ಬುಲ್ಗುಕ್ಸಾ ದೇವಾಲಯಕ್ಕೆ ಹೋಗಿ. 10 ಮತ್ತು 11ನೇ ನಂಬರ್ ಬಸ್ಸುಗಳು ಎದುರುಬದುರು ದಿಕ್ಕಿನಲ್ಲಿ ಒಂದೇ ಸುತ್ತು ಹಾಕುತ್ತವೆ, ಎರಡೂ ಅಲ್ಲಿಗೆ ಹೋಗುತ್ತವೆ. ಅಲ್ಲಿನ ಅಂಗಳದಲ್ಲಿ ದಾಬೊತಾಪ್ ಅನ್ನೋ ಕಲ್ಲಿನ ಗೋಪುರ ಇದೆ. ಹತ್ತು ವೋನ್ ನಾಣ್ಯ ಇದ್ದರೆ ತೆಗೆದು ಪಕ್ಕದಲ್ಲಿ ಹಿಡಿದು ನೋಡಿ, ನಾಣ್ಯದ ಮೇಲಿರುವುದು ಅದೇ. ಕಲ್ಲನ್ನು ಮರದ ಹಾಗೆ ಜೋಡಿಸಿದ್ದಾರೆ, ಕಟಕಟೆ ಕೂಡ ಕಲ್ಲಿನದೇ. ಮೊದಲು ನಾಲ್ಕು ಸಿಂಹಗಳಿದ್ದವು, ಈಗ ಉಳಿದಿರುವುದು ಒಂದೇ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. 1593ರಲ್ಲಿ ಜಪಾನಿನ ಸೈನ್ಯ ಬೆಂಕಿ ಇಟ್ಟಾಗ ಮರದ ಕಟ್ಟಡಗಳೆಲ್ಲ ಸುಟ್ಟುಹೋದವು, ಕಲ್ಲಿನ ಈ ಗೋಪುರ ಉಳಿಯಿತು. ಬೆಟ್ಟದ ಮೇಲಿನ ಸೊಕ್ಕುರಾಮ್ ಗುಹೆಯ ಬುದ್ಧ ಅದ್ಭುತ, ನಿಜ. ಆದರೆ ಗಾಜಿನ ಹಿಂದೆ ಇದೆ, ಹೋಗಿಬರಲು ಸಮಯವೂ ಜಾಸ್ತಿ ಬೇಕು. ಒಂದೇ ದಿನ ಅಂದರೆ ಅದನ್ನು ಬಿಡಿ.

ವಾಪಸ್ ಬರುವಾಗ ಗ್ಯೊಂಗ್‌ಜು ಮ್ಯೂಸಿಯಂ ಮುಂದೆ ಹೋಗುವ ಬಸ್ಸು ಯಾವುದು ಅಂತ ಕೇಳಿ ಹತ್ತಿ, ಅಲ್ಲಿ ಇಳಿಯಿರಿ. ಮ್ಯೂಸಿಯಂ ನೋಡಲು ಟಿಕೆಟ್ ಬೇಕಿಲ್ಲ. ಹೊರಗೆ ಅಂಗಳದಲ್ಲೇ 771ರಲ್ಲಿ ಎರಕ ಹೊಯ್ದ ದೊಡ್ಡ ಗಂಟೆ ತೂಗುಹಾಕಿದ್ದಾರೆ, ಸುಮಾರು 19 ಟನ್ ತೂಕ. ಎಷ್ಟು ಸಲ ಎರಕ ಹೊಯ್ದರೂ ನಾದ ಬರಲಿಲ್ಲವಂತೆ, ಕೊನೆಗೆ ಒಂದು ಮಗುವನ್ನು ಕರಗಿದ ಲೋಹಕ್ಕೆ ಹಾಕಿದರಂತೆ, ಅದಕ್ಕೇ ಗಂಟೆ ಹೊಡೆದಾಗ ಮಗು ಅಮ್ಮನನ್ನು ಕರೆದ ಹಾಗೆ 'ಎಮಿಲ್ಲೆ' ಅಂತ ಕೇಳಿಸುತ್ತೆ ಅಂತ ಅಲ್ಲಿನವರು ಹೇಳುತ್ತಾರೆ. ಕೆರೆಯಲ್ಲಿ ನೀರು ಬರಲಿ ಅಂತ ಸೊಸೆಯನ್ನು ಬಲಿ ಕೊಟ್ಟ ಕಥೆ ಕೇಳಿ ಬೆಳೆದವರು ನಾವು, ಅಲ್ವಾ? ಅಷ್ಟು ದೂರದ ಊರಲ್ಲಿ ಅದೇ ಸಂಕಟ ಎದುರಾದಾಗ ಗಂಟಲು ಕಟ್ಟಿತು. ಈಗ ಗಂಟೆ ಬಾರಿಸುವುದಿಲ್ಲ, ರೆಕಾರ್ಡ್ ಮಾಡಿದ ನಾದ ಹಾಕುತ್ತಾರೆ. ಅದನ್ನು ಕೇಳದೆ ಬರಬೇಡಿ.

ಇನ್ನು ಊಟ. ರಾಜರ ಸಮಾಧಿಗಳ ಪಕ್ಕದ ಬೀದಿಯಲ್ಲಿ ಸಾಮ್‌ಬಾಪ್ ಹೋಟೆಲುಗಳಿವೆ: ತಟ್ಟೆ ತುಂಬ ಸೊಪ್ಪು, ಅನ್ನ, ಸೋಯಾ ಗೊಜ್ಜು, ಹತ್ತು ಹದಿನೈದು ಪುಟ್ಟ ಬಟ್ಟಲು ಪಲ್ಯ. ತುಂಬಾ ಕಡೆ ಕನಿಷ್ಠ ಇಬ್ಬರು ಇರಬೇಕು ಅನ್ನುತ್ತಾರೆ, ಒಬ್ಬನೇ ಹೋದಾಗ ನನ್ನನ್ನು ಎರಡು ಕಡೆ ವಾಪಸ್ ಕಳಿಸಿದರು. ಎರಡು ಗಂಟೆ ಮೇಲೆ ಜನ ಕಡಿಮೆಯಾದಾಗ ಮೂರನೇ ಕಡೆ ಒಬ್ಬ ವಯಸ್ಸಾದ ಅಮ್ಮ ಕೂರಿಸಿಕೊಂಡರು. ಅಲ್ಲಿ ಬಡಿಸುವವರನ್ನು 'ಇಮೋ' ಅಂತ ಕರೆಯುತ್ತಾರೆ, ಅಂದರೆ ಅಮ್ಮನ ಅಕ್ಕತಂಗಿಯರು, ನಮ್ಮ ದೊಡ್ಡಮ್ಮ ಚಿಕ್ಕಮ್ಮ ಇದ್ದ ಹಾಗೆ. 'ಗೋಗಿ ಪ್ಪೆ ಜುಸೆಯೋ' ಅಂದೆ, ಮಾಂಸ ಬೇಡ ಅಂತ. ಅವರು ನನ್ನ ಅಂಗೈ ಬಿಡಿಸಿ ಸೊಪ್ಪಿನ ಎಲೆ ಇಟ್ಟು, ಅನ್ನ, ಗೊಜ್ಜು, ಒಂದು ಎಸಳು ಹಸಿ ಬೆಳ್ಳುಳ್ಳಿ ಇಟ್ಟು ಮಡಚಿ, ಒಂದೇ ತುತ್ತಿಗೆ ತಿನ್ನಬೇಕು ಅಂತ ಸನ್ನೆ ಮಾಡಿ ತೋರಿಸಿದರು. ಆದರೆ ಒಂದು ಮಾತು: ಕಿಮ್ಚಿಗೆ, ಅಂದರೆ ಹುಳಿ ಬರಿಸಿದ ಕೋಸಿನ ಖಾರದ ಉಪ್ಪಿನಕಾಯಿಗೆ, ಸಾಮಾನ್ಯವಾಗಿ ಮೀನಿನ ಅಥವಾ ಸಿಗಡಿಯ ರಸ ಹಾಕಿರುತ್ತಾರೆ, ಸಾರಿನ ನೀರಿಗೂ ಒಣಮೀನು ಹಾಕಿ ಕುದಿಸಿರುತ್ತಾರೆ. ನೀವು ಕಟ್ಟುನಿಟ್ಟಾಗಿದ್ದರೆ ಸೊಪ್ಪು, ಅನ್ನ, ಗೊಜ್ಜಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ. ಗೊಜ್ಜನ್ನೂ ಒಮ್ಮೆ ಕೇಳಿ ತಿನ್ನಿ. ಆಮೇಲೆ ಹ್ವಾಂಗ್ನಮ್ ಬ್ರೆಡ್, 1939ರಿಂದ ಈ ಊರಲ್ಲಿ ಮಾಡುತ್ತಿರುವ ತಿಂಡಿ. ಮೇಲೆ ತೆಳು ಹಿಟ್ಟು, ಒಳಗೆಲ್ಲ ಕೆಂಪು ಕಾಳಿನ ಹೂರಣ. ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ, ಮೊಟ್ಟೆ ನಡೆಯುತ್ತೆ ಅಂದರೆ ಬಿಸಿಬಿಸಿಯದೇ ತಿನ್ನಿ.

ಊಟ ಆದಮೇಲೆ ಸುಮ್ನೆ ನಡೆಯಿರಿ. ಆಗ ಹೇಳಿದ ರಾಜರ ಸಮಾಧಿಗಳ ಜಾಗದ ಹೆಸರು ದೆರುಂಗ್‌ವೊನ್, ಆ ಸಮಾಧಿಗಳು ಹಸಿರು ಹುಲ್ಲು ಹೊದ್ದ ಗುಡ್ಡಗಳು, ಊರಿನ ಮನೆಗಳ ನಡುವೆಯೇ ಇವೆ. 1973ರಲ್ಲಿ ಅಗೆದ ಒಂದರ ಒಳಗೆ ಹೋಗಬಹುದು, ಚಿನ್ನದ ಕಿರೀಟ ಸಿಕ್ಕಿದ್ದು ಅಲ್ಲೇ. ಪಕ್ಕದಲ್ಲೇ ಏಳನೇ ಶತಮಾನದ ಚೊಮ್‌ಸೊಂಗ್‌ದೆ, ನಕ್ಷತ್ರ ನೋಡಲು ಕಟ್ಟಿದ್ದು ಅನ್ನುತ್ತಾರೆ. ಒಂಬತ್ತು ಮೀಟರ್ ಎತ್ತರ ಅಷ್ಟೇ, ಬಾಟಲಿಯ ಹಾಗೆ ಕಾಣುತ್ತೆ.

ಸಂಜೆಗೆ ವೊಲ್ಜಿ ಕೆರೆ. ಮೊದಲ ಸಲ ನಾನು ಐದು ಗಂಟೆಗೇ ಬಸ್ ಹತ್ತಿ ವಾಪಸ್ ಬಂದುಬಿಟ್ಟಿದ್ದೆ, ಆ ತಪ್ಪು ನೀವು ಮಾಡಬೇಡಿ. ದೀಪ ಹಾಕಿದ ಮೇಲೆ ಅರಮನೆಯ ಮಂಟಪಗಳು ಪೂರ್ತಿಯಾಗಿ ನೀರಲ್ಲಿ ತಲೆಕೆಳಗಾಗಿ ಕಾಣುತ್ತವೆ, ಗಾಳಿ ಬಂದಾಗ ಅಲುಗಿ ಮತ್ತೆ ಕೂಡಿಕೊಳ್ಳುತ್ತವೆ. 1975ರಲ್ಲಿ ಈ ಕೆರೆಯ ಕೆಸರಲ್ಲಿ ಹದಿನಾಲ್ಕು ಮುಖದ ಮರದ ದಾಳ ಸಿಕ್ಕಿತ್ತು. ಕುಡಿಯುವಾಗ ಆಡುತ್ತಿದ್ದ ದಾಳ, ಒಂದೊಂದು ಮುಖದಲ್ಲಿ ಒಂದೊಂದು ಅಪ್ಪಣೆ: ಮೂರು ಬಟ್ಟಲು ಒಟ್ಟಿಗೆ ಕುಡಿ, ಸಂಗೀತವಿಲ್ಲದೆ ಕುಣಿ. ಒಣಗಿಸಲು ಹೋಗಿ ಅದು ಸುಟ್ಟುಹೋಯಿತು, ಈಗಿರುವುದು ಪ್ರತಿ.

ಬುಸಾನ್‌ಗೆ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಬೆಳಿಗ್ಗೆ ಇಳಿದ ಕೂಡಲೇ ನೋಡಿಕೊಳ್ಳಿ. ಕೆರೆಯಿಂದ ನಿಲ್ದಾಣಕ್ಕೆ ನಡೆದೇ ಬರಬಹುದು, ಅರ್ಧ ಗಂಟೆ ಇಟ್ಟುಕೊಳ್ಳಿ.