ಫೆರಿಟಿನ್ ನಾರ್ಮಲ್ ಅಂತ ಬಂದಿದ್ದರೂ ಕಬ್ಬಿಣದ ಕೊರತೆ ಇರಬಹುದೇ?

ನೀವು ಕೊಟ್ಟಿರುವ ವಿವರ ಇದು: ಮಹಿಳೆ, 34 ವರ್ಷ. ಹಿಮೋಗ್ಲೋಬಿನ್ 9.8, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 70, ಆರ್‌ಡಿಡಬ್ಲ್ಯು (ಕಣಗಳ ಗಾತ್ರದಲ್ಲಿನ ಏರುಪೇರು) 18, ಕೆಂಪು ರಕ್ತಕಣ 4.2 ಮಿಲಿಯನ್, ಫೆರಿಟಿನ್ 38, ಸೀರಮ್ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ) 92, ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಅಳತೆ) 460. ಪರೀಕ್ಷೆಗೆ ಒಂದು ವಾರ ಮುಂಚೆ ಜ್ವರ ಬಂದಿತ್ತು, ಐದು ದಿನದಿಂದ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಫೆರಿಟಿನ್, ಸೀರಮ್ ಐರನ್ ಎರಡೂ ಲ್ಯಾಬ್ ಹಾಕಿದ ಮಿತಿಯೊಳಗೇ ಇವೆಯಲ್ಲ, ಮಾತ್ರೆ ನಿಲ್ಲಿಸಲೇ ಎಂಬುದು ಪ್ರಶ್ನೆ.

ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಅಂಕಿಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಿಗೆ ಇಟ್ಟು ನೋಡಿದರೆ ಕಬ್ಬಿಣದ ಕೊರತೆಯೇ ಎದ್ದು ಕಾಣುತ್ತದೆ.

ಫೆರಿಟಿನ್ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುತ್ತದೆ, ನಿಜ. ಆದರೆ ಜ್ವರ, ಸೋಂಕು, ಉರಿಯೂತ ಯಾವುದಿದ್ದರೂ ಅದು ತಾನಾಗಿಯೇ ಏರುತ್ತದೆ, ಕಬ್ಬಿಣ ಹೆಚ್ಚದಿದ್ದರೂ. ಆರೋಗ್ಯವಾಗಿರುವ ವಯಸ್ಕರಲ್ಲಿ 15ಕ್ಕಿಂತ ಕಡಿಮೆ ಎಂದರೆ ಕೊರತೆ ಖಚಿತ; 30ಕ್ಕಿಂತ ಕಡಿಮೆ ಇದ್ದರೇ ಎಷ್ಟೋ ವೈದ್ಯರು ಕೊರತೆ ಎಂದು ಪರಿಗಣಿಸುತ್ತಾರೆ. ಸೋಂಕು ಅಥವಾ ಉರಿಯೂತ ಇರುವಾಗ ವಿಶ್ವ ಆರೋಗ್ಯ ಸಂಸ್ಥೆಯೇ ಈ ಗಡಿಯನ್ನು 70ಕ್ಕೆ ಏರಿಸುತ್ತದೆ. ಜ್ವರದ ಬೆನ್ನಿಗೇ ಬಂದ ನಿಮ್ಮ 38 ನೆಮ್ಮದಿ ಕೊಡುವ ಅಂಕಿಯಲ್ಲ. ಅದೇ ರಕ್ತದಲ್ಲಿ ಸಿಆರ್‌ಪಿ (ದೇಹದಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಪರೀಕ್ಷೆ) ಕೂಡ ನೋಡಿದ್ದರೆ ಈ ಗೊಂದಲ ಅರ್ಧ ಕಡಿಮೆಯಾಗುತ್ತಿತ್ತು.

ಇಡೀ ರಿಪೋರ್ಟಿನಲ್ಲಿ ನಾನು ಅತಿ ಕಡಿಮೆ ನಂಬುವುದು ಸೀರಮ್ ಐರನ್. ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಅದು ಏರಿಯೇ ಇರುತ್ತದೆ, ದಿನದ ಹೊತ್ತಿಗೆ ತಕ್ಕಂತೆಯೂ ಬದಲಾಗುತ್ತದೆ. ನಿಮ್ಮ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣ ಹೊರುವ ಪ್ರೋಟೀನಿನಲ್ಲಿ ಕಬ್ಬಿಣ ತುಂಬಿರುವ ಪಾಲು) 92 ÷ 460, ಅಂದರೆ ಶೇ. 20. ಆ 92 ಎಂಬ ಅಂಕಿಯೇ ಮಾತ್ರೆಯಿಂದ ಉಬ್ಬಿದ್ದರೆ ಈ ಶೇ. 20ಕ್ಕೂ ಬೆಲೆಯಿಲ್ಲ. ನಿಜ ಹೇಳುತ್ತಿರುವುದು ಟಿಐಬಿಸಿ. ಕಬ್ಬಿಣ ಸಾಲದಾಗ ದೇಹ ಅದನ್ನು ಹೊರುವ ಟ್ರಾನ್ಸ್‌ಫೆರಿನ್ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ, ಟಿಐಬಿಸಿ ಏರುತ್ತದೆ. ಸೋಂಕಿನಲ್ಲಿ ಅದು ಇಳಿಯಬೇಕು. ಜ್ವರ ಬಂದು ಹೋದ ಮೇಲೂ 460 ಇದೆ ಎಂದರೆ ಕೊರತೆಯ ಅನುಮಾನ ಬಲವಾಗುತ್ತದೆ.

ಎಂಸಿವಿ 70 ಕಂಡು ಥಲಸ್ಸೀಮಿಯಾ ಟ್ರೇಟ್ (ಹಿಮೋಗ್ಲೋಬಿನ್ ತಯಾರಿಯ ಆನುವಂಶಿಕ ದೋಷದ ಸೌಮ್ಯ ರೂಪ) ಇರಬಹುದೇ ಎಂಬ ಅನುಮಾನ ಸಹಜ. ಎಂಸಿವಿಯನ್ನು ಕೆಂಪು ರಕ್ತಕಣದ ಸಂಖ್ಯೆಯಿಂದ ಭಾಗಿಸಿ: 70 ÷ 4.2 = 16.7. ಇದು 13ಕ್ಕಿಂತ ಹೆಚ್ಚಿದ್ದರೆ ಕಬ್ಬಿಣದ ಕೊರತೆಯ ಕಡೆಗೆ, ಕಡಿಮೆ ಇದ್ದರೆ ಟ್ರೇಟ್ ಕಡೆಗೆ ವಾಲುತ್ತದೆ. ಟ್ರೇಟ್‌ನಲ್ಲಿ ಕಣಗಳು ಚಿಕ್ಕವಾದರೂ ಸಂಖ್ಯೆ ಸಾಮಾನ್ಯವಾಗಿ 5 ಮಿಲಿಯನ್ ದಾಟಿರುತ್ತದೆ. ಇದು ಸುಳಿವು ಮಾತ್ರ, ತೀರ್ಪಲ್ಲ. ಟ್ರೇಟ್ ಪತ್ತೆಗೆ ಹಿಮೋಗ್ಲೋಬಿನ್ ಎ2 ಪರೀಕ್ಷೆ ಮಾಡಿಸುವುದಾದರೆ ಕಬ್ಬಿಣ ಸರಿಹೋದ ಮೇಲೆ ಮಾಡಿಸಿ. ಕೊರತೆ ಇರುವಾಗ ಎ2 ತಗ್ಗಿ ಟ್ರೇಟ್ ಮರೆಯಾಗಬಹುದು.

ಐದು ದಿನಕ್ಕೆ ಹಿಮೋಗ್ಲೋಬಿನ್ ಏರುವುದಿಲ್ಲ. ಮೊದಲು ರೆಟಿಕ್ಯುಲೊಸೈಟ್ (ಹೊಸದಾಗಿ ಹುಟ್ಟಿದ ಕೆಂಪು ಕಣ) ಏರುತ್ತದೆ, ಒಂದು ವಾರ ಹತ್ತು ದಿನದ ಹೊತ್ತಿಗೆ. ಹಿಮೋಗ್ಲೋಬಿನ್ ಎರಡು ವಾರಕ್ಕೆ ಸುಮಾರು 1 ಗ್ರಾಂ, ನಾಲ್ಕು ವಾರಕ್ಕೆ ಸುಮಾರು 2 ಗ್ರಾಂ ಏರಬೇಕು. ಈ ನಡುವೆ ಆರ್‌ಡಿಡಬ್ಲ್ಯು ಇನ್ನೂ ಹೆಚ್ಚಿದರೆ ಅದು ಒಳ್ಳೆಯ ಲಕ್ಷಣವೇ: ಹಳೆಯ ಪುಟ್ಟ ಕಣಗಳ ಜೊತೆ ಹೊಸ ದೊಡ್ಡ ಕಣಗಳು ಬೆರೆಯುತ್ತಿವೆ. ನಾಲ್ಕು ವಾರವಾದರೂ ಅಂಕಿ ಕದಲದಿದ್ದರೆ ಮಾತ್ರೆಯನ್ನು ಚಹಾ, ಕಾಫಿ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ತೆಗೆದುಕೊಳ್ಳುತ್ತಿದ್ದೀರಾ, ರಕ್ತ ಎಲ್ಲಾದರೂ ಸೋರುತ್ತಿದೆಯೇ, ಸೀಲಿಯಾಕ್‌ನಂಥ ಕರುಳಿನ ತೊಂದರೆಯಿದೆಯೇ ಎಂದು ನೋಡಬೇಕು. ವಿಟಮಿನ್ ಬಿ12 ಕೂಡ ಕಡಿಮೆ ಇರಬಹುದು. ಹಿಮೋಗ್ಲೋಬಿನ್ 12 ದಾಟಿದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ, ಏಕೆಂದರೆ ದಾಸ್ತಾನು ತುಂಬುವುದು ಕೊನೆಗೆ.

ಮುಂದಿನ ಸಲ ಕಬ್ಬಿಣದ ಪರೀಕ್ಷೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಹಿಂದಿನ 24 ಗಂಟೆ ಮಾತ್ರೆ ಬೇಡ, ಜ್ವರ ಬಿಟ್ಟು ಎರಡು ಮೂರು ವಾರವಾದರೂ ಆಗಿರಲಿ.

ಕಬ್ಬಿಣ ಎಲ್ಲಿ ಹೋಯಿತು ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟಿನ ಅತಿಸ್ರಾವವೇ ಹೆಚ್ಚಾಗಿ ಕಾರಣ. ವೈದ್ಯರಿಗೆ ಅದನ್ನು ಬಿಡಿಸಿ ಹೇಳಿ. ಮಾತ್ರೆಯಿಂದ ಮಲ ಕಪ್ಪಾಗುವುದು ಸಾಮಾನ್ಯ. ಆದರೆ ಟಾರಿನಂತೆ ಅಂಟಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ, ಅಥವಾ ಎದೆನೋವು, ಕೂತಲ್ಲೇ ಏದುಸಿರು ಬಂದರೆ ಮುಂದಿನ ರಿಪೋರ್ಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.